ಇಪ್ಪತ್ತು ಮಾರು ಆಳ: ಮಕ್ಕಳ ಭೂಗೋಳ ಪಾಠದ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕ್ರಿಸ್ತನಲ್ಲಿ ವಂದನೆಗಳು. ಆರು ವರ್ಷದ ಮಗಳಿಗೂ ಎಂಟು ವರ್ಷದ ಮಗನಿಗೂ ಮನೆಯಲ್ಲೇ ಪಾಠ ಹೇಳಲು ನೀವಿಬ್ಬರೂ ನಿಶ್ಚಯಿಸಿದ್ದೀರಿ ಎಂದು ಓದಿ ಬಹಳ ಸಂತೋಷವಾಯಿತು. ಓದು, ಬರಹ, ಲೆಕ್ಕಗಳ ದಾರಿ ಕಾಣುತ್ತಿದೆ, ಭೂಗೋಳವನ್ನು ಮಾತ್ರ ಎಲ್ಲಿಂದ ಹಿಡಿಯಬೇಕೆಂದು ತೋಚುತ್ತಿಲ್ಲ, ಒಳ್ಳೆಯ ಅಟ್ಲಾಸ್ ಯಾವುದೆಂದು ತಿಳಿಸು ಎಂದು ಬರೆದಿದ್ದೀಯೆ. ಅಟ್ಲಾಸಿನ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಆದ ತಪ್ಪೊಂದನ್ನು ನಿನಗೆ ಹೇಳಬೇಕು, ಏಕೆಂದರೆ ನಾನು ಕಲಿತದ್ದೆಲ್ಲ ಅಲ್ಲಿಂದಲೇ ಶುರುವಾಯಿತು.

ಮೊದಲ ವರ್ಷ ನಾನು ಗೋಡೆಯ ಮೇಲೆ ಜಗತ್ತಿನ ದೊಡ್ಡ ನಕ್ಷೆಯನ್ನು ತೂಗುಹಾಕಿ, ದೇಶಗಳನ್ನೂ ಅವುಗಳ ರಾಜಧಾನಿಗಳನ್ನೂ ಬಾಯಿಪಾಠ ಮಾಡಿಸಿದೆ. ಆರು ತಿಂಗಳಲ್ಲಿ ಮಗ ನಲವತ್ತು ರಾಜಧಾನಿಗಳನ್ನು ತಡವರಿಸದೆ ಹೇಳುತ್ತಿದ್ದ, ನನಗೆ ಅದು ಸಾಧನೆಯಾಗಿಯೇ ಕಂಡಿತ್ತು. ಒಂದು ಸಂಜೆ ಸತ್ಯವೇದದ, ಅಂದರೆ ಬೈಬಲ್ಲಿನ, ಯೋನನ ಪುಸ್ತಕವನ್ನು ಓದುತ್ತಿದ್ದೆವು. ದೇವರು ನಿನೆವೆಗೆ ಹೋಗು ಎಂದರೆ ಯೋನನು ಯೊಪ್ಪಕ್ಕೆ ಇಳಿದು ತಾರ್ಷೀಷಿಗೆ ಹೋಗುವ ಹಡಗು ಹತ್ತಿದ ಎಂಬಲ್ಲಿಗೆ ಬಂದಾಗ ಮಗ ನನ್ನ ಮುಖ ನೋಡಿ, "ಅಪ್ಪಾ, ಈ ಊರುಗಳು ನಿಜವಾಗಿಯೂ ಇದ್ದವಾ, ಇಲ್ಲ ಕಥೆಯಲ್ಲಿ ಮಾತ್ರವಾ?" ಎಂದು ಕೇಳಿದ. ನಲವತ್ತು ರಾಜಧಾನಿ ಬಲ್ಲ ಮಗುವಿಗೆ ನಿನೆವೆ ಈ ಭೂಮಿಯ ಮೇಲಿನ ಊರೆಂದು ತಿಳಿದಿರಲಿಲ್ಲ. ನಿನೆವೆಯ ಅವಶೇಷಗಳು ಇಂದಿಗೂ ಇರಾಕಿನ ಮೋಸುಲ್ ನಗರದ ಬಳಿ, ಟೈಗ್ರಿಸ್ ನದಿಯ ಪೂರ್ವ ದಡದಲ್ಲಿವೆ. ಯೊಪ್ಪವು ಮೆಡಿಟರೇನಿಯನ್ ಕರಾವಳಿಯಲ್ಲಿದೆ, ಅಲ್ಲಿ ಕಡಲಿರುವುದು ಪಶ್ಚಿಮಕ್ಕೆ. ಹೋಗಬೇಕಾದ ದಾರಿ ಪೂರ್ವಕ್ಕಿದ್ದರೆ ಆತ ಹತ್ತಿದ ಹಡಗು ಪಶ್ಚಿಮಕ್ಕೆ ಹೊರಟಿತ್ತು. ದಿಕ್ಕು ಗೊತ್ತಿಲ್ಲದ ಮಗುವಿಗೆ ಯೋನನ ಅವಿಧೇಯತೆಯ ಅರ್ಧ ಭಾಗ ಕಾಣುವುದೇ ಇಲ್ಲ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಯಿತು. ಸತ್ಯವೇದದ ಊರುಗಳೂ ಮಗು ನಿಂತಿರುವ ಅಂಗಳವೂ ಒಂದೇ ನೆಲ, ಆ ನೆಲ ಒಬ್ಬನೇ ದೇವರದು ಎಂಬುದನ್ನು ಮಗುವಿನ ಕೈಕಾಲುಗಳಿಗೆ ತಿಳಿಸುವುದೇ ಚಿಕ್ಕ ಮಕ್ಕಳ ಭೂಗೋಳ. ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದೆಂದು ಹೇಳುವ ಇಪ್ಪತ್ತನಾಲ್ಕನೆಯ ಕೀರ್ತನೆಯನ್ನು ಪಾಠದ ಮೊದಲಿಗೆ ಓದಿ ಮುಗಿಸಿ, ಆಮೇಲೆ ಆ ಭೂಮಿಯ ಕಡೆ ತಿರುಗಿಯೂ ನೋಡದೆ ಹೆಸರುಗಳ ಪಟ್ಟಿ ಒಪ್ಪಿಸಿದರೆ, ಕೀರ್ತನೆಗೂ ಪಾಠಕ್ಕೂ ಸಂಬಂಧವೇ ಇರುವುದಿಲ್ಲ.

ಆದ್ದರಿಂದ ನಕ್ಷೆಯನ್ನು ಸುತ್ತಿಟ್ಟು ಅಂಗಳದಲ್ಲಿ ಒಂದು ಕೋಲು ನೆಟ್ಟೆವು. ಗಂಟೆಗೊಮ್ಮೆ ನೆರಳಿನ ತುದಿಗೆ ಒಂದೊಂದು ಕಲ್ಲಿಟ್ಟು, ಎಲ್ಲಕ್ಕಿಂತ ಗಿಡ್ಡ ನೆರಳು ಬಿದ್ದ ಗೆರೆಯೇ ಉತ್ತರ ದಕ್ಷಿಣದ ಗೆರೆ ಎಂದು ಮಕ್ಕಳೇ ಸುಣ್ಣದಲ್ಲಿ ಗುರುತು ಮಾಡಿದರು. ಅನಂತರ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಮೇಜಿನ ಮೇಲಿನ ಲೋಟ, ಪುಸ್ತಕ, ಪೆಟ್ಟಿಗೆಗಳನ್ನು ಮೇಲಿನಿಂದ ಕಂಡಂತೆ ಬರೆಯಲು ಹೇಳಿದೆ. ಲೋಟಕ್ಕೆ ಅವಳು ಬರೀ ಒಂದು ಸೊನ್ನೆ ಸುತ್ತಿದಳು, ಆ ಸೊನ್ನೆಯೇ ಅವಳ ಮೊದಲ ನಕ್ಷೆ. ಮೇಜಾದ ಮೇಲೆ ಕೋಣೆ, ಕೋಣೆಯಾದ ಮೇಲೆ ಮನೆ, ಆಮೇಲೆ ದಾರಿ. ಗುಡ್ಡವನ್ನೂ ಹಳ್ಳವನ್ನೂ ಮಗು ಮೊದಲು ತನ್ನ ಕಣ್ಣಿಂದ ನೋಡಲಿ, ನಕ್ಷೆ ಅದರ ಹಿಂದೆ ಬರಲಿ ಎಂದು ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮನೆಪಾಠದ ತಾಯಂದಿರಿಗೆ ಹೇಳಿದ್ದು ಸರಿಯೆಂದು ನನಗೆ ಆಗ ಮನವರಿಕೆಯಾಯಿತು.

ನಕ್ಷೆಯನ್ನು ಮತ್ತೆ ಹೊರತೆಗೆದಾಗ ಗೋಡೆಗೆ ಹಾಕದೆ ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ನಮ್ಮ ಸುಣ್ಣದ ಗೆರೆಯ ಉತ್ತರಕ್ಕೆ ಹೊಂದಿಸಿದೆವು. ಇದು ಸಣ್ಣ ವಿಷಯವೆಂದು ತಿಳಿಯಬೇಡ. ಗೋಡೆಯ ನಕ್ಷೆಯಲ್ಲಿ ಉತ್ತರವೆಂದರೆ ಮೇಲೆ, ಹಾಗಾಗಿ ಉತ್ತರಕ್ಕೆ ಹರಿಯುವ ನೈಲ್ ನದಿ ಬೆಟ್ಟ ಹತ್ತುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ನಮ್ಮ ಮಗ ಹಾಗೆಯೇ ತಿಳಿದಿದ್ದ.

ಮರಳಿನ ತಟ್ಟೆಯ ಪಾಠವನ್ನು ಮಾತ್ರ ನೀನು ಬಿಡಲೇಬಾರದು. ಅಗಲವಾದ ಒಂದು ತಟ್ಟೆಯಲ್ಲಿ ಒದ್ದೆ ಮರಳು ತುಂಬಿ, ಉತ್ತರದ ತುದಿಯಲ್ಲಿ 2,814 ಮೀಟರ್ ಎತ್ತರದ ಹೆರ್ಮೋನ್ ಪರ್ವತವನ್ನು ಕಟ್ಟಿ, ಅದರ ದಕ್ಷಿಣಕ್ಕೆ ಗಲಿಲಾಯ ಸಮುದ್ರದ ತಗ್ಗನ್ನೂ ಇನ್ನೂ ಕೆಳಗೆ ಲವಣಸಮುದ್ರದ (ಮೃತ ಸಮುದ್ರದ) ತಗ್ಗನ್ನೂ ತೋಡಿ, ನಡುವೆ ಯೊರ್ದನಿನ ಕಾಲುವೆ ಬಿಡಿಸಿದೆವು. ಗಲಿಲಾಯ ಸಮುದ್ರವೇ ಸಾಗರ ಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ, ಲವಣಸಮುದ್ರ 430 ಮೀಟರಿಗೂ ಹೆಚ್ಚು ಕೆಳಗಿದೆ. ಹೆರ್ಮೋನಿನ ತುದಿಯಲ್ಲಿ ನೀರು ಸುರಿದಾಗ ಅದು ಮೇಲಿನ ತಗ್ಗು ತುಂಬಿ, ಕಾಲುವೆ ಹಿಡಿದು, ಕೆಳಗಿನ ತಗ್ಗಿಗೆ ಬಂದು ನಿಂತಿತು. "ಇಲ್ಲಿಂದ ಎಲ್ಲಿಗೆ ಹೋಗತ್ತೆ?" ಎಂದು ಮಗಳು ಕೇಳಿದಳು. ಎಲ್ಲಿಗೂ ಹೋಗುವುದಿಲ್ಲ, ಹೊರದಾರಿಯೇ ಇಲ್ಲ, ಬಿಸಿಲಿಗೆ ಆರುತ್ತದೆ ಎಂದೆ. ಬಾಯಿಮಾತು ಸಾಲದೆಂದು ಒಂದು ತಟ್ಟೆಯಲ್ಲಿ ಉಪ್ಪು ನೀರನ್ನು ಬಿಸಿಲಿಗಿಟ್ಟೆವು. ನಾಲ್ಕನೆಯ ದಿನ ನೀರು ಆರಿ ಬಿಳಿಯ ಪದರ ಉಳಿದಿತ್ತು, ಅವಳು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡು ನೋಡಿದಳು. ಆ ಸಮುದ್ರದ ನೀರು ಸಾಗರದ ನೀರಿಗಿಂತ ಸುಮಾರು ಹತ್ತು ಪಟ್ಟು ಉಪ್ಪಾಗಿರುವುದಕ್ಕೆ ಕಾರಣವನ್ನು ಮತ್ತೆ ವಿವರಿಸಬೇಕಾಗಲಿಲ್ಲ.

ಅದೇ ತಟ್ಟೆಯಲ್ಲಿ ಲವಣಸಮುದ್ರದ ಪಶ್ಚಿಮಕ್ಕೆ ಯೆರೂಸಲೇಮಿನ ಬೆಟ್ಟವನ್ನು ಎಬ್ಬಿಸಿದೆವು. ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಆ ಮನುಷ್ಯನು ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದುಹೋಗುತ್ತಿದ್ದನೆಂದು ಲೂಕನು ಬರೆಯುತ್ತಾನಲ್ಲವೇ, ಆ ಇಳಿತ ಸುಮಾರು 25 ಕಿಲೋಮೀಟರಿನಲ್ಲಿ ಒಂದು ಸಾವಿರ ಮೀಟರಿನಷ್ಟು. ಮಳೆಗಾಳಿ ಪಶ್ಚಿಮದ ಕಡಲಿನಿಂದ ಬರುತ್ತದೆ. ಬೆಟ್ಟ ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ, ಆಚೆ ಇಳಿಯುವಾಗ ಅದರಲ್ಲಿ ನೀರು ಉಳಿದಿರುವುದಿಲ್ಲ. ಯೆರೂಸಲೇಮಿನಲ್ಲಿ ವರ್ಷಕ್ಕೆ 500 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ ಯೆರಿಕೋವಿನಲ್ಲಿ ಅದರ ಅರ್ಧದಷ್ಟೂ ಬೀಳುವುದಿಲ್ಲ. ಕಳ್ಳರು ಹೊಂಚುಹಾಕಿದ ದಾರಿ ಏಕೆ ಅಷ್ಟು ಬೋಳಾಗಿತ್ತು, ನಿರ್ಜನವಾಗಿತ್ತು ಎಂಬುದು ಮರಳಿನಲ್ಲೇ ಕಾಣುತ್ತದೆ. ಪಶ್ಚಿಮದಲ್ಲಿ ಮೋಡ ಏಳುವುದನ್ನು ಕಂಡರೆ ಮಳೆ ಬರುತ್ತದೆಂದೂ ದಕ್ಷಿಣದ ಗಾಳಿ ಬೀಸಿದರೆ ಸೆಕೆಯಾಗುತ್ತದೆಂದೂ ನೀವು ಹೇಳುತ್ತೀರಿ ಎಂದು ಯೇಸು ಜನರಿಗೆ ಹೇಳಿದ ಮಾತನ್ನು ಆ ದಿನ ಓದಿದಾಗ, ಕಡಲು ಯಾವ ಕಡೆ, ಮರುಭೂಮಿ ಯಾವ ಕಡೆ ಎಂದು ಮಕ್ಕಳು ಬೆರಳಿಟ್ಟು ತೋರಿಸಿದರು. ನಮ್ಮ ಕರ್ತನು ಮೋಡವನ್ನೂ ಗಾಳಿಯನ್ನೂ ನೋಡುತ್ತಾ ಆ ನೆಲದ ಮೇಲೆ ನಡೆದಾಡಿದನೆಂದು ಅವರ ಜೊತೆ ನನಗೂ ಆ ಸಂಜೆ ಹೊಸದಾಗಿ ಅನಿಸಿತು.

ದೊಡ್ಡವನಿಗೆ ಇಷ್ಟವಾದದ್ದು ಪೌಲನ ಕಡಲಯಾನ. ಅಪೊಸ್ತಲರ ಕೃತ್ಯಗಳ ಇಪ್ಪತ್ತೇಳನೆಯ ಅಧ್ಯಾಯವನ್ನು ಒಂದೇ ಬಾರಿಗೆ ಓದಬೇಡ, ವಾರಪೂರ್ತಿ ಓದು. ಚಳಿಗಾಲ ಹತ್ತಿರವಾಗಿತ್ತು, ಯಾನ ಅಪಾಯವೆಂದು ಪೌಲನು ಎಚ್ಚರಿಸಿದ್ದ. ಕ್ರೇತ ದ್ವೀಪದ ಬಳಿ ಈಶಾನ್ಯದ ಬಿರುಗಾಳಿ ಹಡಗಿಗೆ ಬಡಿದಾಗ ನಾವಿಕರು ಸುರ್ತಿಸ್ ಎಂಬ ಮರಳುದಿಣ್ಣೆಗೆ ಹೆದರಿದ್ದೇಕೆ? ಈಶಾನ್ಯದಿಂದ ಬಂದ ಗಾಳಿ ನೈರುತ್ಯಕ್ಕೆ ತಳ್ಳುತ್ತದೆ, ನೈರುತ್ಯದಲ್ಲಿ ಇರುವುದು ಲಿಬಿಯಾದ ಕರಾವಳಿಯ ಆ ದಿಣ್ಣೆ. ಹದಿನಾಲ್ಕನೆಯ ರಾತ್ರಿ, ಕತ್ತಲಲ್ಲಿ, ನೆಲ ಹತ್ತಿರವಾಯಿತೆಂದು ಅನಿಸಿ ಅವರು ಅಳತೆಯ ಗುಂಡು ಇಳಿಬಿಟ್ಟಾಗ ಇಪ್ಪತ್ತು ಮಾರು, ಸ್ವಲ್ಪ ಮುಂದೆ ಹದಿನೈದು ಮಾರು ಆಳ ಸಿಕ್ಕಿತು. ಮಗ ಎರಡೂ ಕೈ ಚಾಚಿ ಹಗ್ಗ ಅಳೆಯತೊಡಗಿದ. ಅವನ ಇಪ್ಪತ್ತು ಮಾರು ನನ್ನ ಹದಿನಾಲ್ಕಕ್ಕೂ ಬರಲಿಲ್ಲ. "ಹಾಗಾದರೆ ಯಾರ ಮಾರು?" ಎಂದು ಅವನೇ ಕೇಳಿದ. ಎಲ್ಲರಿಗೂ ಒಂದೇ ಅಳತೆ ಏಕೆ ಬೇಕೆಂಬ ಪಾಠ ಹಾಗೆ ತಾನಾಗಿಯೇ ಬಂತು, ದೊಡ್ಡವರ ಇಪ್ಪತ್ತು ಮಾರು ಎಂದರೆ ಸುಮಾರು 36 ಮೀಟರ್ ಎಂದು ಲೆಕ್ಕ ಹಾಕಿದೆವು.

ಮರುದಿನ ಒಂದು ನೀರಿನ ಡ್ರಮ್ಮಿನಲ್ಲಿ ಮಣ್ಣು ಕದಡಿ ತಳ ಕಾಣದಂತೆ ಮಾಡಿ, ಒಂದು ಬದಿಗೆ ಮೆಟ್ಟಿಲಿನಂತೆ ಇಟ್ಟಿಗೆ ಜೋಡಿಸಿಟ್ಟೆ. ದಾರಕ್ಕೆ ಗೇಣಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಇಬ್ಬರೂ ಒಂದೊಂದು ಕಡೆ ಇಳಿಬಿಟ್ಟು ಗಂಟು ಎಣಿಸಿದರು. ನಾಲ್ಕು ಗಂಟು, ಮೂರು ಗಂಟು, ಎರಡು ಗಂಟು. "ಅಪ್ಪಾ, ದಡ ಬಂತು" ಎಂದು ಮಗ ಮೆಲ್ಲಗೆ ಹೇಳಿದ. ಆ ರಾತ್ರಿ ಹಡಗಿನಲ್ಲಿ 276 ಮಂದಿ ಇದ್ದರು, ಎಲ್ಲರೂ ಸುರಕ್ಷಿತವಾಗಿ ದಡ ಸೇರಿದರು, ಆ ದ್ವೀಪವನ್ನು ಇಂದು ಮಾಲ್ಟಾ ಎನ್ನುತ್ತೇವೆ.

ಗ್ಲೋಬಿನ ವಿಷಯ. ಚಪ್ಪಟೆ ನಕ್ಷೆಯನ್ನು ಕೊಡುವಾಗ ಅದರ ಕೊರತೆಯನ್ನೂ ಹೇಳಿಯೇ ಕೊಡು. 1569ರಲ್ಲಿ ನಕ್ಷೆಗಾರ ಮರ್ಕೇಟರ್ ಹಡಗಿನವರಿಗಾಗಿ ರೂಪಿಸಿದ ರೀತಿಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ಹಳೆಯ ರಬ್ಬರ್ ಚೆಂಡೊಂದನ್ನು ಕತ್ತರಿಸಿ ಮೇಜಿನ ಮೇಲೆ ಒತ್ತಿ ಹಿಡಿಸಿದರೆ, ಉರುಟಾದುದನ್ನು ಹಿಗ್ಗಿಸದೆ ಹರಿಯದೆ ಚಪ್ಪಟೆ ಮಾಡಲಾಗದೆಂದು ಮಕ್ಕಳಿಗೇ ತಿಳಿಯುತ್ತದೆ. ಭೂಮಿ ಉರುಟಾದರೆ ಪ್ರವಾದಿ ಹೇಳಿದ ನಾಲ್ಕು ಮೂಲೆ ಎಲ್ಲಿ ಎಂದು ಅವರು ಕೇಳಿಯೇ ಕೇಳುತ್ತಾರೆ. ಗಾಬರಿಯಾಗಬೇಡ. ಮೂಲೆ ಮೂಲೆಯಲ್ಲಿ ಹುಡುಕಿದೆ ಎಂದು ನಾವೂ ದಿನವೂ ಹೇಳುತ್ತೇವೆ, ಸೂರ್ಯ ಹುಟ್ಟಿದ ಎಂದೂ ಹೇಳುತ್ತೇವೆ.

ಇನ್ನೊಂದು ವಿಷಯದಲ್ಲಿ ನನಗೆ ನಿಜವಾದ ಕಳವಳವಿದೆ. ನಮ್ಮಂಥ ಮನೆಗಳಲ್ಲಿ ದೇಶಗಳ ಪಾಠ ಬಹುಬೇಗ ಕನಿಕರದ ಪಾಠವಾಗಿಬಿಡುತ್ತದೆ. ದೂರದ ಜನರನ್ನು ಕತ್ತಲಲ್ಲಿರುವವರೆಂದು ಮಾತ್ರ ಕೇಳಿ ಬೆಳೆದ ಮಗು ಅವರಿಗಾಗಿ ಪ್ರಾರ್ಥಿಸುತ್ತದೆ ನಿಜ, ಆದರೆ ತನಗಿಂತ ಕೆಳಗಿನವರೆಂದು ತಿಳಿದು ಪ್ರಾರ್ಥಿಸುತ್ತದೆ. ಮಿಷನರಿ ವಿಲಿಯಂ ಕೇರಿಯ ಬದುಕು ನನಗೆ ಇಲ್ಲಿ ನೆನಪಾಗುತ್ತದೆ. 1793ರಲ್ಲಿ ಇಂಗ್ಲೆಂಡಿನಿಂದ ಬಂಗಾಳಕ್ಕೆ ಹೊರಡುವ ಮೊದಲು ಆತ ಮೌಲ್ಟನ್ ಎಂಬ ಹಳ್ಳಿಯಲ್ಲಿ ಜೋಡು ಹೊಲಿಯುತ್ತಾ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಹಾಳೆಗಳನ್ನು ಅಂಟಿಸಿ ತಾನೇ ಬರೆದ ಜಗತ್ತಿನ ನಕ್ಷೆಯನ್ನು ಗೋಡೆಗೆ ಹಾಕಿಕೊಂಡು, ಒಂದೊಂದು ದೇಶದ ಬಗ್ಗೆ ತಿಳಿದುಬಂದದ್ದನ್ನು, ಜನಸಂಖ್ಯೆ ಸಹಿತ, ಅದರ ಮೇಲೆ ಬರೆದಿಡುತ್ತಿದ್ದ. ಮೊದಲು ತಿಳಿದುಕೊಂಡ, ಆಮೇಲೆ ಹೊರಟ, ಹೋದಲ್ಲಿ ಅವರ ಭಾಷೆಗಳನ್ನು ವರ್ಷಗಟ್ಟಲೆ ಕಲಿತ. ಅದರಂತೆ ನಮ್ಮ ಮನೆಯಲ್ಲಿ ಯಾವುದೇ ದೇಶಕ್ಕಾಗಿ ಪ್ರಾರ್ಥಿಸುವ ಮೊದಲು ಅಲ್ಲಿನ ಒಂದು ನದಿ, ಅಲ್ಲಿ ಬೆಳೆಯುವ ಒಂದು ಬೆಳೆ, ಅವರ ಭಾಷೆಯಲ್ಲಿ ವಂದನೆ ಹೇಳುವ ಒಂದು ಮಾತು, ಇಷ್ಟನ್ನು ಕಲಿಯುತ್ತೇವೆ. ದೇವರು ಒಬ್ಬನಿಂದಲೇ ಎಲ್ಲಾ ಜನಾಂಗಗಳನ್ನು ಹುಟ್ಟಿಸಿದನೆಂದು ಅಥೇನೆಯಲ್ಲಿ ಪೌಲನು ಹೇಳಿದ್ದನ್ನು ನಂಬುವವರಿಗೆ ಇದು ಕನಿಷ್ಠ ಮರ್ಯಾದೆ.

ಈಗ ಅಟ್ಲಾಸಿನ ಮಾತು. ಈ ವರ್ಷ ಕೊಳ್ಳಬೇಡ. ಕೊಳ್ಳುವುದಾದರೆ ಒಂದು ಗ್ಲೋಬ್ ಕೊಳ್ಳು, ಮಕ್ಕಳ ಕೈಗೆ ಎಟುಕುವಲ್ಲಿ ಇಡು. ಕಳೆದ ವಾರ ನೂರಮೂರನೆಯ ಕೀರ್ತನೆಯಲ್ಲಿ, ಪೂರ್ವಕ್ಕೂ ಪಶ್ಚಿಮಕ್ಕೂ ಎಷ್ಟು ದೂರವೋ ಅಷ್ಟು ದೂರಕ್ಕೆ ದೇವರು ನಮ್ಮ ದ್ರೋಹಗಳನ್ನು ತೆಗೆದುಹಾಕಿದ್ದಾನೆ ಎಂಬಲ್ಲಿ ಓದು ನಿಲ್ಲಿಸಿದಾಗ ಮಗಳು ಗ್ಲೋಬ್ ತಂದಳು. ಬೆರಳನ್ನು ಉತ್ತರಕ್ಕೆ ಸರಿಸುತ್ತಾ ಹೋದಳು, ಧ್ರುವ ದಾಟಿದ ಕೂಡಲೇ ಅದು ದಕ್ಷಿಣಕ್ಕೆ ಹೊರಟಿತು. ಪೂರ್ವಕ್ಕೆ ಸರಿಸಿದಳು, ಒಂದು ಸುತ್ತು, ಎರಡು ಸುತ್ತು, ಬೆರಳು ಇನ್ನೂ ಪೂರ್ವಕ್ಕೇ ಹೋಗುತ್ತಿತ್ತು. "ಇದು ಮುಗಿಯೋದೇ ಇಲ್ಲಪ್ಪಾ" ಎಂದು ಹೇಳಿ, ಗ್ಲೋಬನ್ನು ಮತ್ತೆ ತಿರುಗಿಸಿದಳು.

ನಿನ್ನ,
ಗೆಳೆಯ