ಮಗಳಿಗೊಂದು ಪತ್ರ: ಅವತ್ತಿನ ಚಿಲಕ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಜಕಾರ್ತದಲ್ಲಿ ಒಬ್ಬಳೇ ರೂಮು ಮಾಡುವುದು ಬೇಡ ಅಂತ ನಾನು ಕೂಗಾಡಿದೆ, ನೀನು ಫೋನ್ ಇಟ್ಟೆ. ಇಡುವ ಮುಂಚೆ ಒಂದು ಮಾತು ಹೇಳಿದೆಯಲ್ಲ, "ಅವತ್ತೂ ನೀವು ಹೀಗೇ ಮಾಡಿದ್ರಿ" ಅಂತ. ಅದಕ್ಕೇ ಈ ಪತ್ರ.

ನೀನು ಹೋದ ಮೇಲೆ ನಾನು ಇಂಡೋನೇಷ್ಯಾದ ಸಿನಿಮಾ ನೋಡುತ್ತಿದ್ದೇನೆ. ಅಂಗಡಿ ಬಾಗಿಲು ಹಾಕಿ ಬಂದು, ಊಟ ಮುಗಿಸಿ, ನಿನ್ನ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇನೆ. ನೀನಿರುವ ಕಡೆಯ ಬೀದಿ, ಮಳೆ, ಮನೆ ಹೇಗಿರುತ್ತೆ ಅಂತ ನೋಡುವ ಆಸೆ. ಸಿಕ್ಕಿದ್ದು ಜಾಸ್ತಿ ಥ್ರಿಲ್ಲರ್‌ಗಳೇ. ಸಬ್‌ಟೈಟಲ್ ಓದುತ್ತಿರುವಾಗ ಕಿವಿಗೆ ಒಂದೊಂದು ಮಾತು ಬೀಳುತ್ತದೆ. ಗುಟ್ಟಿಗೆ ‘ರಹಸಿಯಾ’. ಅಪಾಯಕ್ಕೆ ‘ಬಹಾಯಾ’. ಪಾಪಕ್ಕೆ ‘ದೋಸಾ’. ಕಣ್ಣಾರೆ ಕಂಡವರಿಗೆ ‘ಸಕ್ಸಿ’. ನಮ್ಮ ರಹಸ್ಯ, ಭಯ, ದೋಷ, ಸಾಕ್ಷಿಗಳೇ ಅಲ್ವಾ? ಮೊದಲ ಸಲ ಕೇಳಿದಾಗ ನಿನ್ನಮ್ಮನನ್ನು ಅಡುಗೆಮನೆಯಿಂದ ಕೂಗಿ ಕರೆದೆ.

ಒಂದು ಸಿನಿಮಾ ಮಾತ್ರ ನನ್ನನ್ನು ಬಿಡುತ್ತಿಲ್ಲ. ‘ಪೆನ್ಯಾಲಿನ್ ಚಹಾಯಾ’, 2021ರದ್ದು. ವ್ರೆಗಾಸ್ ಭಾನುತೇಜಾ ಅನ್ನುವ ನಿರ್ದೇಶಕನ ಮೊದಲ ಪೂರ್ಣ ಸಿನಿಮಾ. ಅಲ್ಲಿಯ ದೊಡ್ಡ ಪ್ರಶಸ್ತಿಯಾದ ‘ಚಿತ್ರಾ’ದಲ್ಲಿ 12 ಇದಕ್ಕೇ ಬಂದವು. ಹೆಸರಿನ ಅರ್ಥ ಜೆರಾಕ್ಸ್ ಮೆಷಿನ್. 20 ವರ್ಷದಿಂದ ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ಇಟ್ಟವನು ನೋಡದೆ ಇರುವುದು ಹೇಗೆ?

ಸುರ್ಯಾನಿ ಅನ್ನುವ ಹುಡುಗಿ. ಬಡವರ ಮನೆ, ಸ್ಕಾಲರ್‌ಶಿಪ್ ಮೇಲೆ ಓದು. ಕಾಲೇಜಿನ ನಾಟಕ ತಂಡದವರ ಪಾರ್ಟಿಗೆ ಹೋಗುತ್ತಾಳೆ. ಬೆಳಿಗ್ಗೆ ಎದ್ದರೆ ರಾತ್ರಿ ಏನಾಯಿತು ಅಂತ ನೆನಪಿಲ್ಲ. ಕುಡಿದಿದ್ದ ಅವಳ ಫೋಟೋ ಎಲ್ಲ ಕಡೆ ಹರಡಿ ಸ್ಕಾಲರ್‌ಶಿಪ್ ಹೋಗುತ್ತದೆ. ಅಪ್ಪ ಮನೆಯಿಂದ ಹೊರಗೆ ಹಾಕುತ್ತಾನೆ. ಅವಳು ಗೆಳೆಯನ ಜೆರಾಕ್ಸ್ ಅಂಗಡಿ ಸೇರಿಕೊಂಡು, ಪ್ರಿಂಟ್ ತೆಗೆಸಲು ಬಂದವರ ಫೋನಿನಿಂದ ಫೋಟೋ, ವಿಡಿಯೋ ಇಳಿಸಿಕೊಂಡು, ಆ ರಾತ್ರಿಯನ್ನು ಚೂರು ಚೂರಾಗಿ ಕೂಡಿಸುತ್ತಾಳೆ. ಮುಚ್ಚಳದ ಅಡಿ ಓಡುವ ಆ ಬೆಳಕು ದಿನಾ ನನ್ನ ಮುಖಕ್ಕೆ ಹೊಡೆಯುವ ಬೆಳಕು. ಬಿಸಿ ಹಾಳೆಯ ವಾಸನೆ ಕೂಡ ಬಂದ ಹಾಗಾಯಿತು. ಕೊನೆ ಹೇಳುವುದಿಲ್ಲ, ನೀನೇ ನೋಡು.

ಅಪ್ಪ ಹೊರಗೆ ಹಾಕಿದನಲ್ಲ, ಅಲ್ಲಿ ನಿಲ್ಲಿಸಿಬಿಟ್ಟೆ. ಎರಡು ದಿನ ಮುಂದೆ ನೋಡಲಿಲ್ಲ.

ನೀನು ಫೋನಿನಲ್ಲಿ ಹೇಳಿದ ಆ ‘ಅವತ್ತು’ ನೆನಪಾಯಿತು. ಆಗ ನೀನು ಸೆಕೆಂಡ್ ಇಯರ್. ನಿನ್ನದೂ ನಾಟಕದ ಪ್ರಾಕ್ಟೀಸು. ಹನ್ನೊಂದೂವರೆಗೆ ಬಾಗಿಲು ತಟ್ಟಿದೆ. ನಾನು ಎಚ್ಚರವಾಗೇ ಇದ್ದೆ. ಚಿಲಕ ಹಾಕಿ ಬಾಗಿಲ ಹಿಂದೆಯೇ ಕುರ್ಚಿಯಲ್ಲಿ ಕೂತಿದ್ದೆ. ನೀನು ಅದನ್ನು ತಿಳಿದಿರಲಿಲ್ಲ, ಈಗ ತಿಳಿದುಕೋ. ನಿನ್ನ ಉಸಿರು ಕೇಳಿಸುತ್ತಿತ್ತು. ನಿನ್ನಮ್ಮ ಎದ್ದು ಬಂದು ತೆಗೆಯುವವರೆಗೆ ಇಪ್ಪತ್ತು ನಿಮಿಷ ನೀನು ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೆ ಬಂದಾಗ ಒಂದು ಚಪ್ಪಲಿ ಕೈಯಲ್ಲಿತ್ತು. ಅದರ ಪಟ್ಟಿ ಕಿತ್ತಿತ್ತು. ನಾನು ನೋಡಿದೆ. ಬೈದೆ. ಚಪ್ಪಲಿ ಯಾಕೆ ಕಿತ್ತಿತು ಅಂತ ಕೇಳಲಿಲ್ಲ.

ಕಲ್ಲಿಗೆ ಸಿಕ್ಕಿ ಕಿತ್ತಿರಬಹುದು. ಹಳೇ ಚಪ್ಪಲಿಯೇ ಅದು. ಇಷ್ಟು ವರ್ಷ ಹಾಗಂತಲೇ ಹೇಳಿಕೊಂಡೆ. ಈ ಸಿನಿಮಾ ನೋಡಿದ ಮೇಲೆ ಹಾಗೆ ಹೇಳಿಕೊಳ್ಳಲು ಆಗುತ್ತಿಲ್ಲ. ಸುರ್ಯಾನಿಗೆ ಏನಾಯಿತು ಅಂತ ಕೇಳಬೇಕಾಗಿದ್ದ ಮೊದಲ ಮನುಷ್ಯ ಅವಳ ಅಪ್ಪ. ನೀನು ಓಡಿ ಬಂದಿದ್ದೆಯಾ? ಯಾರಾದರೂ ಹಿಂದೆ ಬಂದಿದ್ದರಾ? ಇಪ್ಪತ್ತು ನಿಮಿಷ ಆ ಕತ್ತಲಲ್ಲಿ ಯಾರನ್ನು ತಿರುಗಿ ನೋಡುತ್ತಿದ್ದೆ? ಏನೂ ಆಗಿರಲಿಲ್ಲ ಅಂದರೂ ನನ್ನ ತಪ್ಪು ಕಮ್ಮಿಯಾಗುವುದಿಲ್ಲ. ತಪ್ಪಾಯಿತು ಪುಟ್ಟಿ. ಹೇಳಬೇಕು ಅನಿಸಿದರೆ ಹೇಳು, ಬೇಡ ಅನಿಸಿದರೆ ಬೇಡ.

‘ಮಾರ್ಲಿನಾ’ ಕೂಡ ನೋಡು. 2017ರದ್ದು, ಮೌಲಿ ಸೂರ್ಯ ಅನ್ನುವ ಹೆಣ್ಣುಮಗಳು ಮಾಡಿದ್ದು. ಸುಂಬಾ ದ್ವೀಪದ ಒಣ ಹುಲ್ಲಿನ ಗುಡ್ಡ, ಒಂಟಿ ಮನೆ, ಒಬ್ಬ ವಿಧವೆ. ಮೇಲೆ ಬಿದ್ದವನ ತಲೆ ಕತ್ತರಿಸಿ, ಅದನ್ನೇ ಹಿಡಿದುಕೊಂಡು ದೂರು ಕೊಡಲು ಹೊರಡುತ್ತಾಳೆ. ಠಾಣೆಯಲ್ಲಿ ಪೊಲೀಸರು ಟೇಬಲ್ ಟೆನಿಸ್ ಆಡುತ್ತಿರುತ್ತಾರೆ, ಅವಳು ಕಾಯುತ್ತಾ ಕೂರಬೇಕು. ರಕ್ತಕ್ಕಿಂತ ಆ ಚೆಂಡಿನ ಟಕ್ ಟಕ್ ಸದ್ದಿಗೆ ನನ್ನ ಹೊಟ್ಟೆ ಉರಿಯಿತು.

ಜೋಕೋ ಅನ್ವರ್‌ನ ‘ಪೆರೆಂಪುವಾನ್ ತಾನಾ ಜಹಾನಮ್’ (2019) ಮಾತ್ರ ಒಬ್ಬಳೇ ಇದ್ದಾಗ ಬೇಡ. ಶುರುವಿನಲ್ಲೇ ರಾತ್ರಿ ಹೊತ್ತು ಟೋಲ್ ಗೂಡಿನಲ್ಲಿ ಒಬ್ಬಳೇ ಕೂತ ಹುಡುಗಿ, ಫೋನಿನಲ್ಲಿ ಗೆಳತಿ, ಎದುರಿಗೆ ಬಂದು ನಿಲ್ಲುವ ಒಂದು ಕಾರು. ಅಷ್ಟಕ್ಕೇ ನನ್ನ ಕೈ ತಣ್ಣಗಾಯಿತು. ಮುಂದೆ ಜಾವಾದ ತೊಗಲುಗೊಂಬೆ ಬರುತ್ತವೆ. ನಮ್ಮಲ್ಲಿ ಜಾತ್ರೆಗೆ ಆಡಿಸುವಂಥವೇ, ಅವರಲ್ಲೂ ರಾಮಾಯಣ, ಮಹಾಭಾರತದ ಕತೆ ಇದೆ. ಆದರೆ ಈ ಸಿನಿಮಾದಲ್ಲಿ ಅವು ಯಾವ ತೊಗಲಿನವು ಅಂತ ಬರೆಯಲು ನನಗೆ ಮನಸ್ಸಿಲ್ಲ.

ರೂಮಿನ ವಿಷಯ. ನೋಡಿಕೊಂಡು ಮಾಡು. ಮನೆ ಓನರ್ ಅಲ್ಲೇ ಇರುತ್ತಾರಾ ಕೇಳು. ಬೀದಿದೀಪ ಇದೆಯಾ, ರಾತ್ರಿ ಹೊತ್ತು ಒಮ್ಮೆ ನಡೆದು ನೋಡು. ಪಾರ್ಟಿಗೆ ಹೋದರೆ ಲೋಟ ಕೈಯಲ್ಲೇ ಇರಲಿ. ಬರುವಾಗ ಯಾವ ಗಾಡಿ ಅಂತ ಗೆಳತಿಗೆ ಮೆಸೇಜ್ ಹಾಕು. ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ ಇರಬೇಕು, ಅದೂ ನಿನ್ನ ಕೈಯಲ್ಲಿ ಇರಬೇಕು. ಇಷ್ಟೆಲ್ಲ ಹೇಳಬಾರದು ಅಂತಲೇ ಬರೆಯಲು ಕೂತಿದ್ದೆ.

ನೀನು ಮೂರೇ ತಿಂಗಳಿಗೆ ಅವರ ಭಾಷೆಯಲ್ಲಿ ತರಕಾರಿ ಚೌಕಾಸಿ ಮಾಡುವ ವಿಡಿಯೋ ಕಳಿಸಿದ್ದೆಯಲ್ಲ, ಜೆರಾಕ್ಸಿಗೆ ಬಂದವರಿಗೆಲ್ಲ ತೋರಿಸಿದ್ದೇನೆ. ಪಾಸ್‌ಪೋರ್ಟ್ ಮಾಡಿಸಿದವಳು ನಮ್ಮ ಮನೆಯಲ್ಲಿ ನೀನೇ ಮೊದಲು.

ಅಮ್ಮ ಚಟ್ನಿಪುಡಿ ಮಾಡಿದ್ದಾಳೆ, ಹೊಸ ರೂಮಿನ ವಿಳಾಸ ಕಳಿಸು. ದೀಪಾವಳಿಗೆ ಬರುವಾಗ ಬಸ್ಸು ಎಷ್ಟು ಹೊತ್ತಿಗೆ ಬಂದರೂ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ನಿನ್ನ
ಅಪ್ಪ