ರವಿವಾರದ ಮಾತು: ಮೆಣಸಿನಕಾಯಿ ಇಲ್ಲದ ಕಾಲದ ಸೂಸ್ಲಾ

ನಮಸ್ಕಾರ್ರಿ ಎಲ್ಲರಿಗೂ. ರವಿವಾರ ಸಂಜೆ 4ಕ್ಕೆ ಆನ್‌ಲೈನ್ ಮಾತು ಐತಿ. ವಿಷಯ: ವಿಜಯಪುರದ ಒಗ್ಗರಣೆಗೆ ಹೊರಗಿನಿಂದ ಬಂದದ್ದೇನು? ಪೋರ್ತುಗೀಸರು 1510ರಲ್ಲಿ ನಮ್ಮ ಆದಿಲ್‌ಶಾಹಿ ಕೈಯಿಂದ ಗೋವಾ ಕಸಿದುಕೊಂಡರು. ಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ, ಬಟಾಟಿ, ಎಲ್ಲಾ ಅಮೆರಿಕ ಖಂಡದವು, ಆಮೇಲೆಯೇ ಇಲ್ಲಿ ಬೇರೂರಿದವು. ಅದಕ್ಕೂ ಮೊದಲು ಖಾರ ಅಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ.

ಚಹಾದ ಜೋಡಿ ಅದೇ ಲೆಕ್ಕದ, ಅಂದರೆ ಮೆಣಸಿನಕಾಯಿ ಇಲ್ಲದ ಸೂಸ್ಲಾ (ನೆನೆಸಿದ ಚುರಮುರಿಯ ಒಗ್ಗರಣೆ) ಮಾಡಿಟ್ಟುಕೊಳ್ಳಿ. ನಾಲ್ಕು ಮಂದಿಗೆ ಚುರಮುರಿ 200 ಗ್ರಾಂ, ಪುಟಾಣಿ ಹಿಟ್ಟು 4 ಚಮಚ, ಕುಟ್ಟಿದ ಕರಿಮೆಣಸು 1 ಚಮಚ, ಅರ್ಧ ಲಿಂಬಿಯಷ್ಟು ಹುಣಸೆಹಣ್ಣು, ಒಗ್ಗರಣೆಗೆ ಕುಸುಬಿ ಎಣ್ಣೆ. ಚುರಮುರಿ ನೀರಿಗೆ ಹಾಕಿ ಅರ್ಧ ನಿಮಿಷಕ್ಕೇ ಎತ್ತಿ ಹಿಂಡಿ, ತಡವಾದರೆ ಮುದ್ದೆ. ಕರಿಮೆಣಸು ಕಾದ ಎಣ್ಣೆಗೆ ಬಿದ್ದರೆ ಸೀದು ಕಹಿಯಾಗುತ್ತದೆ. ಹುಣಸೆ ರಸದಲ್ಲಿ ಕಲಸಿ ಹಾಕಿ. ಉಪ್ಪು ಕೊನೆಗೆ, ಯಾಕಂದ್ರೆ ಚುರಮುರಿಯಲ್ಲೇ ಸ್ವಲ್ಪ ಇರುತ್ತದೆ. ಪುಟಾಣಿ ಹಿಟ್ಟು ಒಲೆ ಆರಿಸಿದ ಮೇಲೆ. ಶೇಂಗಾ ಹಾಕುವ ಆಸೆ ತಡೆದುಕೊಳ್ಳಿ. (ಚಹಾನೂ ಈಚಿನದೇ, ಅದನ್ನ ಬಿಡ್ರಿ ಅನ್ನೋ ಧೈರ್ಯ ನಮಗಿಲ್ಲ.)

ಒಂದೇ ಕೋಣೆಯಲ್ಲಿ ಎರಡು ಫೋನ್ ಹಚ್ಚಿದರೆ ದನಿ ಕಿರುಚುತ್ತದೆ, ಒಂದರಲ್ಲೇ ಕೂತು ಕೇಳಿ. ಲಿಂಕ್ 3.45ಕ್ಕೆ ಇಲ್ಲೇ ಹಾಕ್ತೀವಿ.