ಭೂಪಟದ ಮೇಲೆ ರಕ್ತದ ಗುಂಪುಗಳು

ಗಾಜಿನ ಪಟ್ಟಿಯೊಂದರ ಮೇಲೆ ರಕ್ತದ ಮೂರು ಹನಿಗಳನ್ನು ಸಾಲಾಗಿ ಇಡುತ್ತಾರೆ. ಮೊದಲ ಹನಿಗೆ ನೀಲಿ ದ್ರವ, ಎರಡನೆಯದಕ್ಕೆ ಹಳದಿ ದ್ರವ, ಮೂರನೆಯದಕ್ಕೆ ಬಣ್ಣವಿಲ್ಲದ ದ್ರವ ಒಂದೊಂದು ತೊಟ್ಟು ಸೇರಿಸಿ, ಕಡ್ಡಿಯಿಂದ ಕಲಸಿ, ಪಟ್ಟಿಯನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸುತ್ತಾರೆ. ಒಂದೆರಡು ನಿಮಿಷ ಕಳೆಯುವಷ್ಟರಲ್ಲಿ ಕೆಲವು ಹನಿಗಳು ಒಡೆದ ಹಾಲಿನಂತೆ ಕಾಳುಗಟ್ಟುತ್ತವೆ, ಉಳಿದವು ಮೊದಲಿನಂತೆಯೇ ನುಣ್ಣಗೆ ಇರುತ್ತವೆ. ನೀಲಿ ಬೆರೆತ ಹನಿ ಮಾತ್ರ ಕಾಳುಗಟ್ಟಿದರೆ ಎ ಗುಂಪು, ಹಳದಿ ಬೆರೆತದ್ದು ಮಾತ್ರ ಕಾಳುಗಟ್ಟಿದರೆ ಬಿ, ಎರಡೂ ಕಾಳುಗಟ್ಟಿದರೆ ಎಬಿ, ಎರಡೂ ನುಣ್ಣಗೇ ಉಳಿದರೆ ಓ. ಮೂರನೆಯ ಹನಿ ಪಾಸಿಟಿವ್ ಅಥವಾ ನೆಗೆಟಿವ್ ಎಂಬುದನ್ನು ಹೇಳುತ್ತದೆ. ಇಷ್ಟು ಸರಳವಾದ ಪರೀಕ್ಷೆಯ ಫಲವನ್ನು ನಾವು ಗುರುತಿನ ಚೀಟಿಯ ಮೂಲೆಯಲ್ಲಿ ಬರೆಸಿಕೊಂಡು ಮರೆತುಬಿಡುತ್ತೇವೆ. ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ನೆಲೆಸಿದ ನಮ್ಮಂಥವರು ಅದನ್ನು ಮರೆಯಬಾರದು ಎನ್ನುವುದಕ್ಕೆ ಬಲವಾದ ಕಾರಣವಿದೆ ಎಂದು ನಂಬಿ, ಈ ಸಂಚಿಕೆಯ ಸಂಪಾದಕೀಯವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ರಕ್ತದ ಗುಂಪುಗಳನ್ನು ಮೊದಲು ಗುರುತಿಸಿದವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. 1901ರಲ್ಲಿ ಅವರು ಪ್ರಕಟಿಸಿದ ಈ ಶೋಧಕ್ಕೆ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎ ಮತ್ತು ಬಿ ಎಂದರೆ ಕೆಂಪು ರಕ್ತಕಣದ ಮೈಮೇಲಿನ ಸಕ್ಕರೆಯ ಸರಪಳಿಯ ತುದಿಗೆ ಅಂಟಿಕೊಳ್ಳುವ ಎರಡು ಬೇರೆ ಬೇರೆ ಸಕ್ಕರೆಗಳು, ಅಷ್ಟೇ. ಅವುಗಳನ್ನು ಅಂಟಿಸುವ ಕಿಣ್ವಗಳ ಸೂಚನೆ ಇರುವುದು ಒಂಬತ್ತನೆಯ ವರ್ಣತಂತುವಿನ ಒಂದೇ ವಂಶವಾಹಿಯಲ್ಲಿ; ಎ ಕಿಣ್ವಕ್ಕೂ ಬಿ ಕಿಣ್ವಕ್ಕೂ ಇರುವ ಮುಖ್ಯ ವ್ಯತ್ಯಾಸ ಕೇವಲ ನಾಲ್ಕು ಅಮೈನೋ ಆಮ್ಲಗಳದ್ದು. ಓ ಗುಂಪಿನವರಲ್ಲಿ ಸಾಮಾನ್ಯವಾಗಿ ಆ ವಂಶವಾಹಿಯ ಬರಹದಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿ, ಕಿಣ್ವವೇ ಕೆಲಸ ಮಾಡದಂತಾಗಿರುತ್ತದೆ. ಇಷ್ಟು ಸಣ್ಣ ವ್ಯತ್ಯಾಸವೇ, ತಪ್ಪು ರಕ್ತ ಕೊಟ್ಟಾಗ, ಮನುಷ್ಯನ ಪ್ರಾಣ ತೆಗೆಯಬಲ್ಲದು.

ಈ ಗುಂಪುಗಳು ಎಲ್ಲ ದೇಶಗಳಲ್ಲೂ ಒಂದೇ ಪ್ರಮಾಣದಲ್ಲಿ ಹಂಚಿಹೋಗಿಲ್ಲ ಎಂಬುದು ಜಗತ್ತಿಗೆ ಸ್ಪಷ್ಟವಾದದ್ದು ಒಂದು ಯುದ್ಧಭೂಮಿಯಲ್ಲಿ. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಗ್ರೀಸಿನ ಥೆಸಲೋನಿಕಿಯ ಸುತ್ತ ಬ್ರಿಟಿಷರು, ಫ್ರೆಂಚರು, ಇಟಾಲಿಯನ್ನರು, ಸರ್ಬಿಯನ್ನರು, ರಷ್ಯನ್ನರು ಮಾತ್ರವಲ್ಲದೆ ಸೆನೆಗಲ್, ಮಡಗಾಸ್ಕರ್, ವಿಯೆಟ್ನಾಂ ಮತ್ತು ಭಾರತದಿಂದ ಬಂದ ಸೈನಿಕರೂ ಬೀಡುಬಿಟ್ಟಿದ್ದರು. ಸರ್ಬಿಯಾದ ಸೇನೆಯಲ್ಲಿ ವೈದ್ಯರಾಗಿದ್ದ ಪೋಲೆಂಡಿನ ಲುಡ್ವಿಕ್ ಹಿರ್ಷ್‌ಫೆಲ್ಡ್ ಮತ್ತು ಅವರ ಪತ್ನಿ ಹಾಂಕಾ, ಪ್ರಪಂಚ ಸುತ್ತಿದರೂ ಸುಲಭವಾಗಿ ಸಿಗದ ಈ ಅವಕಾಶವನ್ನು ಕಂಡುಕೊಂಡು, ಹದಿನಾರು ಜನಸಮುದಾಯಗಳಿಗೆ ಸೇರಿದ ಸುಮಾರು 8,000 ಜನರ ರಕ್ತವನ್ನು ಪರೀಕ್ಷಿಸಿದರು. 1919ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಇಂಗ್ಲಿಷ್ ಸೈನಿಕರಲ್ಲಿ ಶೇಕಡಾ 43ರಷ್ಟು ಜನ ಎ ಗುಂಪಿನವರು, ಶೇಕಡಾ 7ರಷ್ಟು ಮಾತ್ರ ಬಿ ಗುಂಪಿನವರು. ಭಾರತೀಯ ಸೈನಿಕರಲ್ಲಿ ಲೆಕ್ಕ ತಿರುಗಿತ್ತು: ಎ ಶೇಕಡಾ 19, ಬಿ ಶೇಕಡಾ 41.

ಈ ಅಂಕಿಗಳ ಬೆರಗಿನಲ್ಲಿ ಆ ದಂಪತಿ ಒಂದು ತಪ್ಪು ಊಹೆಯನ್ನೂ ಮಾಡಿದರು. ಎ ಗುಂಪು ಯೂರೋಪಿನ ಉತ್ತರದಲ್ಲೆಲ್ಲೋ, ಬಿ ಗುಂಪು ಭಾರತದಲ್ಲೆಲ್ಲೋ ಬೇರೆ ಬೇರೆಯಾಗಿ ಹುಟ್ಟಿ, ಅಲ್ಲಿಂದ ಜಗತ್ತಿಗೆಲ್ಲ ಹರಡಿರಬೇಕು ಎಂದು ಅವರು ಭಾವಿಸಿದ್ದರು. ವಾಸ್ತವದಲ್ಲಿ ಎ ಮತ್ತು ಬಿ ಎರಡೂ ಮನುಷ್ಯಕುಲಕ್ಕಿಂತ ಬಹಳ ಹಳೆಯವು. ಗಿಬ್ಬನ್‌ನಂಥ ವಾನರಗಳಲ್ಲೂ ಅದೇ ವಂಶವಾಹಿಯ ಅದೇ ವ್ಯತ್ಯಾಸಗಳಿವೆ, ಕೋಟ್ಯಂತರ ವರ್ಷಗಳ ಹಿಂದಿನ ಪೂರ್ವಜರಿಂದ ಅವು ಇಳಿದುಬಂದಿವೆ ಎಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಊಹೆ ಬಿದ್ದುಹೋಯಿತು, ಆದರೆ ಅವರು ಎಣಿಸಿಟ್ಟ ವ್ಯತ್ಯಾಸ ಉಳಿಯಿತು.

ಇವತ್ತು ಆ ಭೂಪಟ ಹೆಚ್ಚುಕಡಿಮೆ ತುಂಬಿದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮೂಲನಿವಾಸಿಗಳಲ್ಲಿ ಅನೇಕ ಸಮುದಾಯಗಳು ಬಹುತೇಕ ಪೂರ್ತಿಯಾಗಿ ಓ ಗುಂಪಿನವು. ಉತ್ತರ ಅಮೆರಿಕದ ಬ್ಲ್ಯಾಕ್‌ಫೂಟ್ ಜನರಲ್ಲಿ ಮಾತ್ರ ಎ ಗುಂಪು ಅಸಾಧಾರಣವಾಗಿ ಹೆಚ್ಚು. ಸ್ಕ್ಯಾಂಡಿನೇವಿಯಾದ ಉತ್ತರ ತುದಿಯ ಸಾಮಿ ಜನರಲ್ಲೂ ಹಾಗೆಯೇ. ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಬಿ ಗುಂಪು ಇಲ್ಲವೆನ್ನುವಷ್ಟು ಕಡಿಮೆ, ಮಧ್ಯ ಏಷ್ಯಾದಲ್ಲಿ ಮತ್ತು ಭಾರತದ ಉತ್ತರ ಭಾಗದಲ್ಲಿ ಅದು ಜಗತ್ತಿನಲ್ಲೇ ಅತಿ ಹೆಚ್ಚು. ಜಪಾನಿನಲ್ಲಿ ಎ, ಓ, ಬಿ, ಎಬಿ ಗುಂಪುಗಳು ಸುಮಾರಾಗಿ ನಾಲ್ಕು, ಮೂರು, ಎರಡು, ಒಂದು ಎಂಬ ಅನುಪಾತದಲ್ಲಿವೆ. ಮೂರನೆಯ ಹನಿ ಹೇಳುವ ನೆಗೆಟಿವ್, ಅಂದರೆ ಆರ್‌ಎಚ್ ನೆಗೆಟಿವ್ ಎಂಬುದು ಇನ್ನೊಂದು ಬಗೆಯ ಹಂಚಿಕೆ: ಯೂರೋಪಿನ ಜನರಲ್ಲಿ ಸುಮಾರು ಶೇಕಡಾ 15, ಪಿರನೀಸ್ ಬೆಟ್ಟಗಳ ಬಾಸ್ಕ್ ಜನರಲ್ಲಿ ಮೂರರಲ್ಲಿ ಒಬ್ಬರಷ್ಟು, ಭಾರತದಲ್ಲಿ ಶೇಕಡಾ 5ರ ಆಸುಪಾಸು, ಚೀನಾದಲ್ಲಿ ಶೇಕಡಾ 1ಕ್ಕೂ ಕಡಿಮೆ. ಅಲ್ಲಿನ ಜನ ಅದನ್ನು ‘ಪಾಂಡಾ ರಕ್ತ’ ಎಂದೇ ಕರೆಯುತ್ತಾರೆ.

ಯಾಕೆ ಹೀಗೆ? ಒಂದು ಉತ್ತರ ಬರಿಯ ಆಕಸ್ಮಿಕದ್ದು. ಸಣ್ಣದೊಂದು ಗುಂಪು ಹೊಸ ನೆಲಕ್ಕೆ ವಲಸೆ ಹೋದಾಗ ಅದರೊಳಗೆ ಯಾವ ವಂಶವಾಹಿಗಳು ಇದ್ದವೋ ಅವೇ ಮುಂದಿನ ಪೀಳಿಗೆಗಳಲ್ಲಿ ಬೆಳೆಯುತ್ತವೆ. ಸೈಬೀರಿಯಾದ ಕಡೆಯಿಂದ ಅಮೆರಿಕಕ್ಕೆ ದಾಟಿದವರಲ್ಲಿ ಹೀಗೆ ಆಗಿರುವ ಸಾಧ್ಯತೆ ಹೆಚ್ಚು. ಡಿಯೇಗೋ ಎಂಬ ಪ್ರತಿಜನಕ (ಎ, ಬಿಗಳಂತೆ ರಕ್ತಕಣದ ಮೈಮೇಲಿರುವ ಒಂದು ಗುರುತು) 1955ರ ವೇಳೆಗೆ ವೆನೆಜುವೆಲಾದಲ್ಲಿ ಪತ್ತೆಯಾದಾಗ ಈ ದಾರಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು: ಅದು ಇರುವುದು ಅಮೆರಿಕದ ಮೂಲನಿವಾಸಿಗಳಲ್ಲಿ ಮತ್ತು ಪೂರ್ವ ಏಷ್ಯಾದವರಲ್ಲಿ, ಯೂರೋಪಿನವರಲ್ಲಿ ಮತ್ತು ಆಫ್ರಿಕಾದವರಲ್ಲಿ ತೀರ ಅಪರೂಪ.

ಇನ್ನೊಂದು ಉತ್ತರ ರೋಗಗಳದ್ದು, ನನಗೆ ಹೆಚ್ಚು ಆಳವಾಗಿ ತಟ್ಟುವುದೂ ಅದೇ. ಡಫಿ ಎಂಬ ಪ್ರೋಟೀನು ಕೆಂಪು ರಕ್ತಕಣದ ಮೇಲಿದ್ದರೆ, ವೈವ್ಯಾಕ್ಸ್ ಎಂಬ ಜಾತಿಯ ಮಲೇರಿಯಾ ಪರಾವಲಂಬಿ ಅದನ್ನೇ ಬಾಗಿಲು ಮಾಡಿಕೊಂಡು ಒಳನುಗ್ಗುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಹುತೇಕ ಎಲ್ಲರ ರಕ್ತಕಣಗಳಲ್ಲೂ ಆ ಬಾಗಿಲೇ ಇಲ್ಲ. ಅದರಿಂದಾಗಿ ಅಲ್ಲಿ ಆ ಜಾತಿಯ ಮಲೇರಿಯಾ ಬಹಳ ವಿರಳ. ಈ ನಂಟನ್ನು ಲೂಯಿ ಮಿಲ್ಲರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಸ್ಥಾಪಿಸಿದರು. ಬಾಗಿಲಿಲ್ಲದಿದ್ದರೂ ಸೋಂಕು ತಗುಲಿದ ಕೆಲವು ಪ್ರಕರಣಗಳು ಈಚೆಗೆ ಕಂಡುಬಂದಿವೆಯಾದ್ದರಿಂದ ರಕ್ಷಣೆ ನೂರಕ್ಕೆ ನೂರಲ್ಲ, ಆದರೂ ದೊಡ್ಡದು. ಹೆಚ್ಚು ಜನರನ್ನು ಕೊಲ್ಲುವ ಫಾಲ್ಸಿಪಾರಂ ಮಲೇರಿಯಾದ ವಿಷಯದಲ್ಲಿ ಓ ಗುಂಪಿನವರಿಗೆ ಸ್ವಲ್ಪ ಅನುಕೂಲ. ಸೋಂಕಾದ ಕಣಗಳು ಆರೋಗ್ಯವಂತ ಕಣಗಳನ್ನು ಹೂವಿನ ಎಸಳಿನಂತೆ ಸುತ್ತ ಅಂಟಿಸಿಕೊಂಡು ಸೂಕ್ಷ್ಮ ರಕ್ತನಾಳಗಳನ್ನು ಕಟ್ಟಿಬಿಡುವುದು ಆ ರೋಗದ ಅಪಾಯಗಳಲ್ಲೊಂದು. ಎ ಸಕ್ಕರೆ ಈ ಅಂಟನ್ನು ಬಿಗಿಗೊಳಿಸುತ್ತದೆ, ಓ ಕಣಗಳಲ್ಲಿ ಅಂಟು ಸಡಿಲ. ಆದರೆ ಕಾಲರಾ ಬಂದರೆ ಅದೇ ಓ ಗುಂಪಿನವರು ಹೆಚ್ಚು ನರಳುತ್ತಾರೆ, ಮತ್ತು ಕಾಲರಾದ ತವರೆನಿಸಿದ ಗಂಗಾ ನದಿಯ ಮುಖಜ ಭೂಮಿಯಲ್ಲಿ ಓ ಗುಂಪಿನ ಪ್ರಮಾಣ ಜಗತ್ತಿನ ಕಡಿಮೆ ಪ್ರಮಾಣಗಳಲ್ಲಿ ಒಂದಾಗಿದೆ. ಹಾಗಾಗಿ ಯಾವ ಗುಂಪು ಉತ್ತಮ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಯಾವ ನೆಲದಲ್ಲಿ, ಯಾವ ರೋಗದ ಎದುರು ಎಂದು ಕೇಳಿದರೆ ಮಾತ್ರ ಉತ್ತರವಿದೆ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. 1920ರ ದಶಕದ ಜರ್ಮನಿಯಲ್ಲಿ ರಕ್ತದ ಗುಂಪನ್ನು ಜನಾಂಗದ ಮೇಲು-ಕೀಳಿಗೆ ಅಳತೆಗೋಲು ಮಾಡಲು ಹೊರಟವರಿದ್ದರು. ಎ ಗುಂಪನ್ನು ತಮ್ಮದೆಂದೂ ಬಿ ಗುಂಪನ್ನು ಪೂರ್ವದಿಂದ ಬಂದ ಪರಕೀಯ ಗುರುತೆಂದೂ ಅವರು ಸಾರಿದರು. ಯಾರ ಅಂಕಿಗಳನ್ನು ಹಿಡಿದು ಆ ಮಾತು ಹುಟ್ಟಿತೋ ಆ ಹಿರ್ಷ್‌ಫೆಲ್ಡ್ ದಂಪತಿ, ಯಹೂದಿ ಮೂಲದವರೆಂಬ ಕಾರಣಕ್ಕೆ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದೊಳಗೆ ದೂಡಲ್ಪಟ್ಟರು. ಅಮೆರಿಕದ ರೆಡ್ ಕ್ರಾಸ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಪ್ಪು ಜನರ ರಕ್ತವನ್ನು ಬೇರೆಯಾಗಿ ಗುರುತು ಹಾಕಿ ಇಡುತ್ತಿತ್ತು. ಅದು ನಿಂತದ್ದು 1950ರಲ್ಲಿ. 1972ರಲ್ಲಿ ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ರಕ್ತದ ಗುಂಪುಗಳನ್ನೂ ರಕ್ತದ ಪ್ರೋಟೀನುಗಳನ್ನೂ ಲೆಕ್ಕ ಹಾಕಿ, ಮನುಷ್ಯರ ನಡುವಿನ ಇಂಥ ವೈವಿಧ್ಯದಲ್ಲಿ ಸುಮಾರು ಶೇಕಡಾ 85ರಷ್ಟು ಒಂದೊಂದು ಜನಸಮುದಾಯದ ಒಳಗೇ ಇದೆ ಎಂದು ತೋರಿಸಿದರು. ಒಡಹುಟ್ಟಿದ ತಮ್ಮನ ರಕ್ತ ಹೊಂದದೆ, ಭೂಮಿಯ ಇನ್ನೊಂದು ತುದಿಯ ಅಪರಿಚಿತನ ರಕ್ತ ಹೊಂದುವುದು ದಿನನಿತ್ಯದ ಸಂಗತಿ. ಗುಂಪು ನೋಡಿ ಸ್ವಭಾವ ಹೇಳುವ, ಗುಂಪಿಗೆ ತಕ್ಕ ಆಹಾರ ಸೂಚಿಸುವ ಮಾತುಗಳಿಗೂ ಪರೀಕ್ಷೆಯಲ್ಲಿ ನಿಂತ ಆಧಾರವಿಲ್ಲ.

ಹಾಗಿದ್ದರೆ ಉಳಿದ ಶೇಕಡಾ 15ರಿಂದ ನಮಗೇನಾಗಬೇಕು? ರಕ್ತನಿಧಿಯ ಬಾಗಿಲಲ್ಲಿ ಅದು ಬಹಳ ದೊಡ್ಡದಾಗುತ್ತದೆ. 1952ರಲ್ಲಿ ಬೊಂಬಾಯಿಯ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ‘ಬಾಂಬೆ ಬ್ಲಡ್ ಗ್ರೂಪ್’ ಇದಕ್ಕೆ ಒಳ್ಳೆಯ ಉದಾಹರಣೆ. ಎ ಮತ್ತು ಬಿ ಸಕ್ಕರೆಗಳು ಕೂರುವುದಕ್ಕೆ ಬೇಕಾದ ಎಚ್ ಎಂಬ ಬುಡವೇ ಈ ಗುಂಪಿನವರ ಕಣಗಳಲ್ಲಿ ಇರುವುದಿಲ್ಲ. ಗಾಜಿನ ಪಟ್ಟಿಯ ಮೇಲೆ ನೀಲಿ ಹನಿಯೂ ಹಳದಿ ಹನಿಯೂ ನುಣ್ಣಗೇ ಉಳಿಯುವುದರಿಂದ ‘ಓ’ ಎಂದು ಬರೆದುಬಿಡುವುದು ಸುಲಭ. ಆದರೆ ಅದೇ ವ್ಯಕ್ತಿಯ ರಕ್ತದ ತಿಳಿಯನ್ನು ಓ ಗುಂಪಿನ ಕಣಗಳ ಜೊತೆ ಬೆರೆಸಿ ನೋಡಿದರೆ, ಕಾಳುಗಟ್ಟಬಾರದ ಮಿಶ್ರಣ ಕಣ್ಣೆದುರೇ ಕಾಳುಗಟ್ಟುತ್ತದೆ. ಅವರಿಗೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಅವರ ಗುಂಪಿನವರ ರಕ್ತವೇ ಆಗಬೇಕು. ತಂದೆ-ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುವ ಗುಣವಾದ್ದರಿಂದ, ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ಸಮುದಾಯಗಳಲ್ಲಿ ಇದು ಹೆಚ್ಚು. ಭಾರತದಲ್ಲಿ ಹತ್ತು ಸಾವಿರಕ್ಕೊಬ್ಬರಂತೆ ಇದ್ದಾರೆಂಬ ಅಂದಾಜಿದೆ. ಯೂರೋಪಿನಲ್ಲಿ ಹತ್ತು ಲಕ್ಷಕ್ಕೊಬ್ಬರಷ್ಟು. ಭಾರತದಲ್ಲಿ ಹುಟ್ಟಿದ ಈ ಗುಂಪಿನ ವ್ಯಕ್ತಿ ಬೇರೆ ದೇಶದಲ್ಲಿ ಅಪಘಾತಕ್ಕೆ ಸಿಕ್ಕರೆ ಎಂದು ಯೋಚಿಸಿದಾಗ ಈ ಅಂಕಿ ಬರಿಯ ಅಂಕಿಯಾಗಿ ಉಳಿಯುವುದಿಲ್ಲ.

ಅಷ್ಟು ಅಪರೂಪವಲ್ಲದ ವ್ಯತ್ಯಾಸಗಳೂ ವಲಸಿಗರಿಗೆ ತೊಡಕಾಗುತ್ತವೆ. ಬ್ರಿಟನ್ನಿನ ದಾನಿಗಳಲ್ಲಿ ಬಿ ಗುಂಪಿನವರು ಹತ್ತರಲ್ಲಿ ಒಬ್ಬರಷ್ಟು, ನಮ್ಮವರಲ್ಲಿ ಮೂರರಲ್ಲಿ ಒಬ್ಬರ ಆಸುಪಾಸು. ಕೆಲ್ ಎಂಬ ಪ್ರತಿಜನಕ ಯೂರೋಪಿನವರಲ್ಲಿ ಸುಮಾರು ಶೇಕಡಾ 9ರಷ್ಟು ಜನರಲ್ಲಿದೆ, ಏಷ್ಯಾದವರಲ್ಲಿ ಅಪರೂಪ. ಅದಿಲ್ಲದ ಹೆಣ್ಣುಮಗಳಿಗೆ ಅದಿರುವ ರಕ್ತ ಕೊಟ್ಟರೆ ಅವಳ ದೇಹ ಅದರ ಮೇಲೆ ಎರಗುವ ಪ್ರೋಟೀನನ್ನು, ಅಂದರೆ ಪ್ರತಿಕಾಯವನ್ನು ಬೆಳೆಸಿಕೊಂಡು, ಮುಂದೆ ಬಸುರಿಯಾದಾಗ ಮಗುವಿಗೆ ಅಪಾಯವಾಗಬಹುದು. ಥಲಸೀಮಿಯಾ ಅಥವಾ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಮಕ್ಕಳಿಗೆ ಮತ್ತೆ ಮತ್ತೆ ರಕ್ತ ಕೊಡಬೇಕಾಗುತ್ತದೆ. ಪ್ರತಿ ಸಲವೂ ಸಣ್ಣ ಸಣ್ಣ ಪ್ರತಿಜನಕಗಳು ಹೊಂದದೆ ಹೋದರೆ, ಪ್ರತಿಕಾಯಗಳು ಒಂದೊಂದಾಗಿ ಕೂಡಿಕೊಂಡು, ಕೊನೆಗೆ ಆ ಮಗುವಿಗೆ ಹೊಂದುವ ಬಾಟಲಿ ಹುಡುಕುವುದೇ ಕಷ್ಟವಾಗುತ್ತದೆ. ಇಂಗ್ಲೆಂಡಿನ ರಕ್ತಸೇವೆ ಆಫ್ರಿಕಾ ಮತ್ತು ಕೆರಿಬಿಯನ್ ಮೂಲದ ದಾನಿಗಳನ್ನು ಎಡೆಬಿಡದೆ ಕರೆಯುತ್ತಿರುವುದು ಈ ಕಾರಣಕ್ಕೆ. ದಕ್ಷಿಣ ಏಷ್ಯಾದ ಮೂಲದ ನಮ್ಮನ್ನು ಕರೆಯುವುದಕ್ಕೂ ಇದೇ ಕಾರಣ. ನಾವು ನೆಲೆಸಿದ ನಾಡಿನ ರಕ್ತನಿಧಿಯಲ್ಲಿ ಎಲ್ಲಕ್ಕಿಂತ ಕಡಿಮೆ ಇರುವುದು ನಮ್ಮ ಮಕ್ಕಳಿಗೆ ಚೆನ್ನಾಗಿ ಹೊಂದುವ ರಕ್ತವೇ, ಮತ್ತು ಅದನ್ನು ಅಲ್ಲಿಗೆ ತಂದಿಡಬಲ್ಲವರಲ್ಲಿ ನಾವೇ ಮೊದಲಿಗರು.

ಮಲೇರಿಯಾ ಇರುವ ದೇಶಕ್ಕೆ ಹೋಗಿಬಂದವರು ರಕ್ತ ಕೊಡಲು ಕೆಲವು ತಿಂಗಳು ಕಾಯಬೇಕೆಂಬ ನಿಯಮ ಹಲವು ದೇಶಗಳಲ್ಲಿದೆ. ತವರಿಗೆ ಹೋಗಿಬಂದ ಮೇಲೆ ಒಮ್ಮೆ ‘ಈಗ ಬೇಡ’ ಎನ್ನಿಸಿಕೊಂಡು, ಅದನ್ನು ‘ಎಂದಿಗೂ ಬೇಡ’ ಎಂದು ತಿಳಿದು, ಮತ್ತೆ ಆ ಕಡೆ ತಲೆಹಾಕದವರು ನಮ್ಮ ನಡುವೆ ಬಹಳ ಇದ್ದಾರೆ. ಅವಧಿ ಮುಗಿದ ಮೇಲೆ ದಯವಿಟ್ಟು ಮತ್ತೆ ಹೋಗಿ. ಹೆಸರು ನೋಂದಾಯಿಸುವಾಗ ವಂಶಮೂಲ ಕೇಳಿದರೆ ಮುಜುಗರಪಡದೆ ಹೇಳಿ. ಯಾರ ರಕ್ತವನ್ನು ಇನ್ನಷ್ಟು ವಿವರವಾಗಿ ಪರೀಕ್ಷಿಸಬೇಕೆಂದು ಪ್ರಯೋಗಾಲಯಕ್ಕೆ ತಿಳಿಯುವುದು ಅದರಿಂದಲೇ. ಸಾಮಾನ್ಯ ಕೆಂಪು ರಕ್ತಕಣಗಳು ಶೀತಪೆಟ್ಟಿಗೆಯಲ್ಲಿ ಹೆಚ್ಚೆಂದರೆ 42 ದಿನ ಬಾಳುತ್ತವೆ, ಆದರೆ ಅಪರೂಪದ ರಕ್ತವನ್ನು ಗ್ಲಿಸರಾಲ್ ಬೆರೆಸಿ ಸೊನ್ನೆಗಿಂತ 65 ಡಿಗ್ರಿಗೂ ಕೆಳಗೆ ಹೆಪ್ಪುಗಟ್ಟಿಸಿ ಹತ್ತು ವರ್ಷ ಕಾಯ್ದಿಡಬಹುದು. ಅಂಥ ದಾನಿಗಳ ಅಂತರರಾಷ್ಟ್ರೀಯ ಪಟ್ಟಿಯೊಂದು 1960ರ ದಶಕದಿಂದ ಇದೆ; ಈಗ ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ನಡೆಯುವ ಅದು ಒಂದು ದೇಶದ ರೋಗಿಗೆ ಇನ್ನೊಂದು ದೇಶದ ದಾನಿಯನ್ನು ಹುಡುಕಿಕೊಡುತ್ತದೆ.

ಆ ಹುಡುಕಾಟ ಇನ್ನೂ ಮುಗಿದಿಲ್ಲ. 2025ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ರಕ್ತಸಂಸ್ಥೆ ನಲವತ್ತೆಂಟನೆಯ ರಕ್ತಗುಂಪು ವ್ಯವಸ್ಥೆಯನ್ನು ಪ್ರಕಟಿಸಿ, ಹೊಸ ಗುಂಪನ್ನು ‘ಗ್ವಾಡಾ ನೆಗೆಟಿವ್’ ಎಂದು ಕರೆಯಿತು. 2011ರಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಮಾಡಿದ ಮಾಮೂಲು ಪರೀಕ್ಷೆಯಲ್ಲಿ ಮಹಿಳೆಯೊಬ್ಬರ ರಕ್ತದಲ್ಲಿ ಯಾರಿಗೂ ಅರ್ಥವಾಗದ ಪ್ರತಿಕಾಯವೊಂದು ಕಾಣಿಸಿತ್ತು. ವಂಶವಾಹಿಗಳನ್ನು ಓದುವ ಹೊಸ ವಿಧಾನಗಳು ಬಂದ ಮೇಲಷ್ಟೇ ಅದರ ಗುಟ್ಟು ತಿಳಿಯಿತು. ಪರೀಕ್ಷೆಯ ಕಾಲಕ್ಕೆ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅವರ ಮೂಲ ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪ. ಪ್ರಕಟಣೆ ಹೊರಬಿದ್ದಾಗ, ಜಗತ್ತಿನಲ್ಲಿ ಅವರಿಗೆ ಹೊಂದುವ ರಕ್ತ ಗೊತ್ತಿದ್ದದ್ದು ಒಬ್ಬರದು ಮಾತ್ರ, ಅವರದೇ. ಎರಡನೆಯವರಿಗಾಗಿ ಸಂಶೋಧಕರು ಆ ದ್ವೀಪದ ಮೂಲದ ರಕ್ತದಾನಿಗಳ ನಡುವೆ ಹುಡುಕಲು ಹೊರಟಿದ್ದಾರೆ.